ಏನಾತು? ಎಲ್ಲೆ? ಮುಂದೇನ?

ಈಗ ಊರಿಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಕೆಳಗೆ ಲುಂಗಿ, ಮೇಲೆ ಕಂಪನಿ ಕೊಟ್ಟ ಟೀ ಶರ್ಟು, ನೆಟ್‌ವರ್ಕ್ ಸಿಗುವ ಮಾಳಿಗೆಯ ಮೂಲೆಯೇ ಆಫೀಸು. ಅಣ್ಣಿಗೇರಿಯಲ್ಲಿ ನನ್ನ ಪಾಲಿಗೆ ಬಂದವನು ಸ್ವಂತ ಅಕ್ಕನ ಮಗ. ಮಳೆ ಬಿದ್ದ ಎರೆಹೊಲದ ಹಾಗೆ ಕರ್ರಗಿರುವ ಪರದೆಯ ಮುಂದೆ ದಿನವಿಡೀ ಕೂತಿರುತ್ತಾನೆ. ಮೌಸ್ ಮುಟ್ಟಿದರೆ ಮೈಲಿಗೆ. ಎಲ್ಲವನ್ನೂ ಕಮಾಂಡ್ ಟೈಪ್ ಮಾಡಿಯೇ ಆಗಬೇಕು. ಕಮಾಂಡ್ ತಪ್ಪಿದಾಗ ಕಂಪ್ಯೂಟರ್ ಏನನ್ನಬೇಕು ಎಂಬುದನ್ನು ತಿದ್ದಿ ತಿದ್ದಿ ಬರೆಯುವುದು ಅವನ ಉದ್ಯೋಗ. ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಮಕ್ಕಳ ತಪ್ಪು ತಿದ್ದಿದವನು ನಾನು. ಅವನಷ್ಟು ಪಗಾರ ಕನಸಿನಲ್ಲೂ ಕಂಡಿಲ್ಲ.

ರೊಟ್ಟಿ ಮುರಿಯುತ್ತ ಅವನು ಹೇಳುವ ಪುರಾಣ ಹೀಗೆ: 1969ರಲ್ಲಿ ಕೆನ್ ಥಾಂಪ್ಸನ್ ಬರೆದ ‘ಎಡ್’ ಎಂಬ ಎಡಿಟರ್, ಎಂಥ ತಪ್ಪಿಗೂ ಒಂದು ಪ್ರಶ್ನಾರ್ಥಕ ಚಿಹ್ನೆ ಒಗೆದು ಸುಮ್ಮನಾಗುತ್ತಿತ್ತಂತೆ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಏನೋ ಎಡವಿದರೆ ‘ಇದು ಟೈಪ್‌ರೈಟರ್ ಅಲ್ಲ’ ಎಂದು ಬರುತ್ತಿತ್ತಂತೆ. ಹೌದೆಂದು ಯಾರು ಅಂದಿದ್ದರೋ! 2015ರಲ್ಲಿ ಎಲ್ಮ್ ಎಂಬ ಪ್ರೋಗ್ರಾಮಿಂಗ್ ಭಾಷೆ ‘ನನಗಿದು ತಿಳಿಯಲಿಲ್ಲ, ಹೀಗೆ ಮಾಡಿ ನೋಡಿ’ ಎಂದು ಮನುಷ್ಯರಂತೆ ಮಾತಾಡತೊಡಗಿತು. ಮರುವರ್ಷ ರಸ್ಟ್ ಎಂಬ ಇನ್ನೊಂದು ಭಾಷೆ ಅದೇ ದಾರಿ ಹಿಡಿದು, ತಪ್ಪಿದಲ್ಲೇ ಅಡಿಗೆರೆ ಎಳೆದು ತೋರಿಸಿತು. ‘ಏನಾತು, ಎಲ್ಲೆ ಆತು, ಮುಂದೇನ ಮಾಡಬೇಕು. ಈ ಮೂರು ಇರಲಿಲ್ಲ ಅಂದ್ರ ಅದು ಮೆಸೇಜ ಅಲ್ಲ ಮಾಮಾ, ಒದರಾಟ.’

ಈ ನಿಯಮ ಕಂಪ್ಯೂಟರಿಗಷ್ಟೇ ಇದ್ದಿದ್ದರೆ ನನಗೇನೂ ತ್ರಾಸಿರಲಿಲ್ಲ. ಒಂದು ದಿನ ಮೆಣಸಿನ ಗಿಡ ಬಾಡುತ್ತಿದ್ದವು. ಕೃಷಿಹೊಂಡದಿಂದ ನೀರು ಎತ್ತೋಣವೆಂದರೆ ಮೋಟಾರ್ ಕೈಕೊಟ್ಟಿತು. ಹೊಲದಿಂದಲೇ ಫೋನ್ ಹಚ್ಚಿದೆ.

‘ಲೇ, ಮೋಟಾರ ಚಾಲೂ ಆಗವಲ್ತು!’

‘ಒದರಬ್ಯಾಡ್ರಿ ಮಾಮಾ. ಮೊದಲ ಏನ್ ಮಾಡಿದ್ರಿ?’

‘ಬಟನ್ ಒತ್ತಿದೆ.’

‘ಯಾವ ಬಟನ್?’

‘ಹಸರಂದು. ಕೆಂಪು ಒತ್ತಾಕ ನನಗೇನ ಹುಚ್ಚೇನು?’

‘ಸಿಟ್ಟಾಗಬ್ಯಾಡ್ರಿ. ಒತ್ತಿದ ಮ್ಯಾಲೆ ಏನಂತು?’

‘ಗುಂಯ್ ಅಂತು.’

‘ತಿರಗತೇನು, ಬರೇ ಗುಂಯ್ ಅಂತೇನು?’

‘ಬರೇ ಗುಂಯ್.’

‘ಹಂಗಂದ್ರ ಒಂದು ಫೇಸ್ ಬಂದಿಲ್ಲ. ಫ್ಯೂಸ್ ನೋಡ್ರಿ.’

ನೋಡಿದೆ. ಫ್ಯೂಸೇ ಹೋಗಿತ್ತು. ಹೊಸ ತಂತಿ ಸುತ್ತಿ ಏಳುವಷ್ಟರಲ್ಲಿ ಕರೆಂಟೂ ಹೋಯಿತು. ಅವನು ಹೇಳಿದ್ದು ಸರಿಯಿತ್ತಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು.

ಕಂಡಕ್ಟರ್ ‘ಗಾಡಿ ಹೋಗಂಗಿಲ್ಲ’ ಅಂದರೆ ಇವನು ಮುಂದಿನ ಸಾಲು ಕೇಳುತ್ತಾನೆ. ಅವರವ್ವ ‘ಪಲ್ಯ ಕೆಟ್ಟೈತಿ’ ಅಂದರೆ ಯಾವಾಗಿನಿಂದ ಎನ್ನುತ್ತಾನೆ. ಮದುವೆ ಮಾತೆತ್ತಿದಾಗ ಮಾತ್ರ ಅವನೂ ‘ಎಡ್’, ಹುಬ್ಬೇರಿಸಿ ಸುಮ್ಮನಾಗುತ್ತಾನೆ.

ಮೊನ್ನೆ ಟ್ರಂಕಿನಿಂದ ತನ್ನ ನಾಲ್ಕನೆಯ ಇಯತ್ತೆಯ ಗಣಿತದ ವಹಿ ತೆಗೆದು ಮಾಳಿಗೆಗೆ ತಂದ. ಆಗ ಅವನಿಗೆ ನಾನೇ ಮಾಸ್ತರ. ಪುಟದ ತುಂಬ ನನ್ನ ಕೆಂಪು ಮಸಿಯ ಕಾಟು. ಏನು ತಪ್ಪು, ಎಲ್ಲಿ ತಪ್ಪು, ಒಂದಕ್ಷರವಿಲ್ಲ. ಹೀಗೆ ಎಷ್ಟು ಮಕ್ಕಳ ವಹಿಯ ಮೇಲೆ ಗೀಚಿದೆನೋ.

‘ಮಾಮಾ, ಈ ಲೆಕ್ಕದಾಗ ನಾ ಏನ್ ತಪ್ಪಿದ್ದೆ?’ ಅಂದ. ಚಾಷ್ಟಿಯಲ್ಲ, ಖರೇನೇ ಕೇಳಿದ.

ಚಷ್ಮಾ ಹಾಕಿಕೊಂಡು ಎರಡು ಸಲ ನೋಡಿದೆ. ಲೆಕ್ಕ ಸರಿಯೇ ಇತ್ತು.

ಅಷ್ಟರಲ್ಲಿ ಅಕ್ಕ ಕೆಳಗಿನಿಂದ ಊಟಕ್ಕೆ ಕರೆದಳು. ನಾನೇ ಮೊದಲು ಇಳಿದೆ.