ಸಶರೀರ ವಿದ್ಯಾರ್ಥಿ

ಮನುಷ್ಯನು ತನ್ನ ಶರೀರದ ವಿಚಾರವನ್ನು ಓದತಕ್ಕ ವಯಸ್ಸು ಹದಿನೇಳೆಂದು ನಮ್ಮ ವಿದ್ಯಾಧಿಕಾರಿಗಳು ಅದಾವ ಪಂಚಾಂಗವನ್ನು ನೋಡಿ ನಿಶ್ಚಯಿಸಿದರೋ ಅರಿಯೆ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ, ಮಿರ್ಚಿ ಭಜಿಯನ್ನು ತಟ್ಟೆಗಟ್ಟಲೆ ಮುಗಿಸಿ ಮತ್ತೆ ಊಟಕ್ಕೆ ಕೂಡ್ರುವ ಆ ಪ್ರಾಯದಲ್ಲಿ ಶರೀರವೊಂದು ಇದೆಯೆಂಬ ಸುದ್ದಿಯೇ ನಮಗೆ ತಲುಪಿರುವುದಿಲ್ಲ. ಆಗ ಕಲಾವಿಭಾಗವನ್ನು ಸೇರಿ, ಅಶೋಕನ ಶಾಸನಗಳನ್ನು ಬಾಯಿಪಾಠ ಮಾಡಿ, ಗುಮಾಸ್ತಗಿರಿಯಲ್ಲಿ ತಲೆ ನರೆಸಿಕೊಂಡು ಗುಡಗೇರಿಗೆ ಮರಳಿದ ನಾನು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹನ್ನೆರಡನೆಯ ಇಯತ್ತೆಯ ಜೀವಶಾಸ್ತ್ರಕ್ಕೆ ಹೆಸರು ಹಚ್ಚಿದೆನು. 1989ರಲ್ಲಿ ಹುಟ್ಟಿದ ಆ ಸಂಸ್ಥೆಯು ಪ್ರವೇಶಕ್ಕೆ ಕನಿಷ್ಠ ವಯಸ್ಸನ್ನು ಗೊತ್ತುಪಡಿಸಿದೆಯೇ ಹೊರತು ಗರಿಷ್ಠವನ್ನಲ್ಲ. ಐದು ವರ್ಷಗಳಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂಡ್ರಲು ಅನುಮತಿಯನ್ನೂ ಕೊಡುತ್ತದೆ. ಇಷ್ಟೊಂದು ಕ್ಷಮಾಗುಣವನ್ನು ನಾನು ಸ್ವಗೃಹದಲ್ಲಿಯೂ ಕಂಡವನಲ್ಲ.

ವಾರ್ತೆ ಚಹಾದಂಗಡಿಗೆ ಮುಟ್ಟಿದಾಗ ನೆರೆಹೊಲದ ಗೌಡರು, "ಎತ್ತಿಗೆ ನಾಕು ಹೊಟ್ಟಿ ಐತ್ರಿ, ಅದರ ಸಲುವಾಗಿ ಒಂದ ಪುಸ್ತಕಾ ಬೇಕನ್ರಿ, ಒಪ್ಪತೇನಿ. ಮನಷ್ಯಾಗ ಇರೂದು ಒಂದ. ಅದನ್ನ ಓದಾಕ ಇಷ್ಟ ದಪ್ಪಂದು ಯಾಕ್ರಿ?" ಎಂದರು. ಚಾಲುಕ್ಯ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದ ನಾಡಿದು. ಎತ್ತಿನ ಹೊಟ್ಟೆಗೆ ಅಗ್ರಪೂಜೆ ಸಲ್ಲುವುದು ನ್ಯಾಯವೇ ಎಂದು ನಾನು ಪ್ರತಿವಾದ ಹೂಡಲಿಲ್ಲ.

ಆದರೆ ತಡವಾಗಿ ಓದುವವನಿಗೊಂದು ಸೌಲಭ್ಯವುಂಟು: ಪ್ರಯೋಗಶಾಲೆಯನ್ನು ಅವನು ಮೈಮೇಲೆಯೇ ಹೊತ್ತು ತಿರುಗುತ್ತಾನೆ. ಮೃದ್ವಸ್ಥಿಗೆ ತನ್ನದಾದ ರಕ್ತನಾಳಗಳಿಲ್ಲ, ಆದ್ದರಿಂದ ಸವೆದರೆ ಸುಲಭವಾಗಿ ದುರಸ್ತಿಯಾಗದೆಂಬ ವಾಕ್ಯದ ಕೆಳಗೆ ತರುಣನು ಪೆನ್ಸಿಲ್ಲಿನಿಂದ ಗೆರೆಯೆಳೆದು ಪುಟ ತಿರುವುವಲ್ಲಿ, ನಾನು ಮೊಣಕಾಲನ್ನು ನೀವಿಕೊಳ್ಳುತ್ತ ಅದೇ ವಾಕ್ಯದಲ್ಲಿ ಬಹಳ ಹೊತ್ತು ನಿಂತೆನು. ಹುಟ್ಟಿದಾಗ ಸುಮಾರು 300 ಇದ್ದ ಎಲುಬುಗಳು ಒಂದನ್ನೊಂದು ಕೂಡಿಕೊಂಡು ಕೊನೆಗೆ 206 ಆಗುವುವಂತೆ. ನೋಯುವುದಕ್ಕೆ ಇನ್ನೂ ನೂರಿದ್ದಿದ್ದರೆ ಗತಿಯೇನೆಂದು ಸೃಷ್ಟಿಕರ್ತನಿಗೆ ಕೈಮುಗಿದೆನು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಪ್ರವೇಶದ ಅರ್ಜಿಗೆ ರುಜು ಹಾಕಿದಾಗ ನನ್ನಲ್ಲಿ ಸಂಚರಿಸುತ್ತಿದ್ದ ಕಣವೊಂದೂ ಪರೀಕ್ಷೆಯ ಹೊತ್ತಿಗೆ ಬದುಕಿರುವಂತಿಲ್ಲ. ಹೀಗಿರಲು ಅಂದು ಓದಿದ್ದನ್ನು ಇಂದು ಬರೆಯೆಂದರೆ ಬರೆಯತಕ್ಕವರು ಯಾರು?

ಸೌಲಭ್ಯದ ಬೆನ್ನಿಗೆ ಉಪದ್ರವವೂ ಬಂದಿತು. ಯಾವ ಅವಯವದ ಪಾಠವೋ ಆ ಅವಯವದಲ್ಲಿ ವ್ಯಾಧಿ! ಹೃದಯದ ಅಧ್ಯಾಯದಲ್ಲಿ ಎದೆ ಹಾರಿತು. ಅದುವರೆಗೆ ಎಲ್ಲಿದೆಯೆಂದೇ ತಿಳಿಯದಿದ್ದ ಮೇದೋಜೀರಕ ಗ್ರಂಥಿ ಮರುವಾರ ಚುಚ್ಚತೊಡಗಿತು. "ಮುಂದಿನ ಪಾಠ ಯಾವುದಂತ ಮೊದಲ ಹೇಳ್ರಿ, ಕಷಾಯ ಕಾಸಿ ಇಡತೇನಿ" ಎಂದಳು ಮನೆಯಾಕೆ. ಸಂತಾನೋತ್ಪತ್ತಿಯ ಅಧ್ಯಾಯವು ದುರ್ದೈವದಿಂದ ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಒದಗಿದ್ದರಿಂದ, ಸಂಶಿಯಿಂದ ಕುಂದಗೋಳದವರೆಗೆ ಪುಸ್ತಕಕ್ಕೆ 'ಸಂಯುಕ್ತ ಕರ್ನಾಟಕ'ದ ಮರೆ ಹಿಡಿದು ಓದಬೇಕಾಯಿತು.

ಶರೀರರಚನೆಯ ಮಹಾಗ್ರಂಥವನ್ನು 1543ರಲ್ಲಿ ಪ್ರಕಟಿಸಿದ ವೆಸೇಲಿಯಸ್‌ನಿಗೆ ಆಗಿನ್ನೂ ಇಪ್ಪತ್ತೆಂಟು ಎಂಬುದನ್ನು ಓದಿ ಆತನ ಮೇಲೆ ಅಸಮಾಧಾನ ತಾಳಿದೆನು. ರಕ್ತದ ಪರಿಚಲನೆಯನ್ನು 1628ರಲ್ಲಿ ಲೋಕಕ್ಕೆ ಸಾರಿದ ವಿಲಿಯಂ ಹಾರ್ವೆ ಐವತ್ತರ ಗೃಹಸ್ಥನು, ಆತನೇ ನಮ್ಮವನು.

ಜೀರ್ಣಾಂಗಗಳ ಪಾಠದಲ್ಲಿ ವಾಡಿಕೆಯಂತೆ ಹೊಟ್ಟೆ ನೊಂದಿತು. ಪಕ್ಕದ ಮನೆಯ ಅಜ್ಜಿ ಬಂದು, ಹೊಕ್ಕುಳಿನ ಸುತ್ತ ಬೆರಳೂರಿ, "ಬಟ್ಟಿ ಸರದೈತಿ" ಎಂದು ತೀರ್ಪಿತ್ತಳು. ಬಟ್ಟಿಯೆಂಬ ಅಂಗವೇ ಇಲ್ಲವೆಂದು ನಾನು ಪುಸ್ತಕ ತೆರೆದು, ಜಠರ, ಯಕೃತ್ತು, ಆರು ಮೀಟರಿನ ಸಣ್ಣ ಕರುಳು ಎಲ್ಲವೂ ಬಣ್ಣಬಣ್ಣವಾಗಿ ಮೆರೆಯುವ ಚಿತ್ರವನ್ನು ಆಕೆಯ ಮುಂದೆ ಹಿಡಿದೆನು. ಚಾಳೀಸನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, ಆಕೆ ಮರುಗಿದಳು: "ಪಾಪ, ಇಂವಂದೂ ಸರದೈತೆಲಾ! ಎಳದು ಕೂಡ್ರಸಾವ್ರು ಯಾರೂ ಇದ್ದಿಲ್ಲೇನು ಇವನ ಮನ್ಯಾಗ?"