ಮೈ ಸಡಿಲ ಬಿಡಲೇ!

ಪಂದ್ಯಕ್ಕೆ ಮುಂಚೆ ಆರಾಮಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರು ಬೌಂಡರಿ ಗೆರೆಯಾಚೆ ಕೂತು ಮಂಡಕ್ಕಿ-ಮಿರ್ಚಿ ಮೆಲ್ಲುತ್ತಿರುತ್ತಾರೆ ಅನ್ನೋದು ಬೇರೆ ಮಾತು.

ದಾವಣಗೆರೆಯಿಂದ ಹರಿಹರಕ್ಕೆ ಹೆಚ್ಚೆಂದರೆ 15 ಕಿ.ಮೀ. ಟೆನಿಸ್ ಬಾಲ್ ಮ್ಯಾಚಿಗೆ ಹೊರಟ ದಿನ ಮಾತ್ರ ಆ ದಾರಿ ಮುಗಿಯಲೇ ಇಲ್ಲ. "ಮೈ ಸಡಿಲ ಬಿಡಲೇ, ಬೆಣ್ಣೆದೋಸೆ ಹೊಡಿ, ಎಲ್ಲಾ ಸರಿಹೋಗ್ತತಿ" ಎಂದ ಮಾವನ ಮಾತು ನಂಬಿ ಬೆಳಿಗ್ಗೆ ಮೂರು ದೋಸೆ ಇಳಿಸಿದ್ದೆ. ಬೆಣ್ಣೆ ಕರಗಿತು, ಭಯ ಕರಗಲಿಲ್ಲ. ಬಸ್ಸಿನಲ್ಲಿ ಹೊಟ್ಟೆಯೊಳಗೇ ಟಾಸ್ ನಡೆದಿತ್ತು.

ನಮ್ಮೂರಿನ ವಿನಯ್ ಕುಮಾರ್, ಅದೇ 'ದಾವಣಗೆರೆ ಎಕ್ಸ್‌ಪ್ರೆಸ್', 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಐದು ವಿಕೆಟ್ ಕಿತ್ತು, ಮೇಲೆ ಶತಕವನ್ನೂ ಬಾರಿಸಿದವರು. ಅದೂ ನಾಯಕನ ಹೊರೆ ಹೊತ್ತುಕೊಂಡು, ಮುಂಬೈನ ವಾಂಖೆಡೆಯಲ್ಲಿ. ಅವತ್ತು ತಿಂಡಿಗೆ ಏನು ತಿಂದಿದ್ದಿರಿ ಸ್ವಾಮಿ ಅಂತ ಕೇಳುವ ಆಸೆ ನನಗೆ.

ಹರಿಹರ ಬಂತು. ಹರಿಹರೇಶ್ವರನ ಗುಡಿ ಕಡೆ ತಿರುಗಿ ಕೈಮುಗಿದೆ. ಒಂದೇ ಮೂರ್ತಿಯಲ್ಲಿ ಇಬ್ಬರು ದೇವರು. ಹರಿ ಬ್ಯಾಟಿಂಗ್ ನೋಡಿಕೊಳ್ಳಲಿ, ಹರ ಬೌಲಿಂಗ್. ಎದುರಾಳಿಗಳ ಮನೆದೇವರೂ ಅವನೇ ಇರಬಹುದು ಅನ್ನೋದು ಆಮೇಲೆ ಹೊಳೆಯಿತು.

ಮೈದಾನದಲ್ಲಿ ಅವರ ವೇಗದ ಬೌಲರ್ ಶೂ ಲೇಸು ಕಟ್ಟುತ್ತಿದ್ದ. ಮೂರು ಸಲ ಗಂಟು ಹಾಕಿದ, ಮೂರು ಸಲವೂ ಬಿಚ್ಚಿಕೊಂಡಿತು. ಬೆರಳು ನಡುಗುತ್ತಿದ್ದವು! ಅಬ್ಬಾ, ನನ್ನ ಭುಜ ತಾನಾಗೇ ಕೆಳಗಿಳಿಯಿತು, ಉಸಿರು ನೆಟ್ಟಗಾಯಿತು. ಸಿಳ್ಳೆ ಹಾಕುತ್ತಾ ಕ್ರೀಸಿಗೆ ಹೋದೆ.

ಮೊದಲನೇ ಬಾಲಿಗೇ ನಡು ಸ್ಟಂಪು ಹಾರಿತು. ಗೆರೆಯಾಚೆಯಿಂದ ಮಾವನ ದನಿ: "ಅಷ್ಟೊಂದು ಸಡಿಲ ಬಿಡು ಅಂದಿದ್ದಿಲ್ಲಲೇ!"