ಡಾಕ್ಟ್ರಣ್ಣನ ಕವಲುಬಾಲದ ವಿಮಾನ

ಹಳೇ ಗಾಡಿ ಕೊಳ್ಳುವವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಕೊಳ್ಳುತ್ತಾರೆ, ಆಮೇಲೆ ಗೋಳಾಡುತ್ತಾರೆ. ಇನ್ನೊಂದು ಪಂಗಡದವರು ಕೊಳ್ಳುವುದೇ ಇಲ್ಲ, ಕೊಳ್ಳುತ್ತಲೇ ಇರುತ್ತಾರೆ. ಈ ಎರಡನೆಯವರು ನಮ್ಮ ಶಿವನಿಯಲ್ಲೂ ಇದ್ದಾರೆ, ಅಜ್ಜಂಪುರದಲ್ಲೂ ಇದ್ದಾರೆ. ಹಳೇ ಟ್ರ್ಯಾಕ್ಟರಿಗೆ ಮೂರು ಪ್ರದಕ್ಷಿಣೆ ಹಾಕಿ, ಟೈರಿಗೊಮ್ಮೆ ಒದ್ದು, ಮಾಲೀಕ ತರಿಸಿದ ಟೀ ಕುಡಿದು, "ಮನೇಲಿ ಕೇಳಿ ಹೇಳ್ತೀನಿ" ಎಂದು ಎದ್ದು ಹೋಗುವ ಪುಣ್ಯಾತ್ಮರು. ಒಂದು ಲೋಟ ಟೀ ಬಿಟ್ಟರೆ ಅವರಿಂದ ಯಾರಿಗೂ ನಷ್ಟವಿಲ್ಲ. ಆದರೆ ನನ್ನ ಪಾಲಿಗೆ ಬಂದವನು ಕೊಳ್ಳಹೊರಟಿರುವುದು ವಿಮಾನ.

ಅವನು ನಮ್ಮ ದೊಡ್ಡಪ್ಪನ ಮಗ. ಟೆಕ್ಸಾಸ್‌ನಲ್ಲಿ ಹೊಟ್ಟೆ ಡಾಕ್ಟರು, ಮನೆಮಂದಿಗೆಲ್ಲ ಡಾಕ್ಟ್ರಣ್ಣ. ಶಿವನಿ ಸ್ಟೇಷನ್ನಿನಲ್ಲಿ ಕೂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದವನ ಹತ್ತಿರ ಈಗ ಪೈಲಟ್ ಲೈಸೆನ್ಸ್ ಇದೆ. ಅವನಿಗೆ ಬೇಕಾದ್ದು ಒಂದೇ ಎಂಜಿನ್ನಿನ, ಪಿಸ್ಟನ್ನಿನ ವಿಮಾನ. ಆದರೆ ಕಸುವು ಜೋರಾಗಿರಬೇಕು. ಎಂಜಿನ್ 200 ಅಶ್ವಶಕ್ತಿ ದಾಟಿದರೆ ಅದನ್ನು ಹಾರಿಸಲು ಅಮೆರಿಕದ ಕಾನೂನಿನಂತೆ ಬೇರೆ ತರಬೇತಿ ಆಗಬೇಕು, ಬೋಧಕ ಸಹಿ ಹಾಕಬೇಕು. ತರಬೇತಿ ಆಯಿತು, ಸಹಿಯೂ ಆಯಿತು. ವಿಮಾನ ಒಂದು ಆಗಿಲ್ಲ.

ಅವನ ಕಣ್ಣು ನೆಟ್ಟಿರುವುದು ಬೀಚ್‌ಕ್ರಾಫ್ಟ್ ಬೊನಾಂಜಾ ಮೇಲೆ, ಅದರಲ್ಲೂ ವಿ35ಬಿ ಮೇಲೆ. 1947ರಿಂದ 1982ರವರೆಗೆ ತಯಾರಾದ ಕವಲುಬಾಲದ ಬೊನಾಂಜಾಗಳ ಚಕ್ರ ಒಳಗೆ ಮಡಚಿಕೊಳ್ಳುತ್ತದೆ. ವಿ35ಬಿಗೆ 285 ಅಶ್ವಶಕ್ತಿ, ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗ. ಕೈಯಲ್ಲಿ ದುಡ್ಡಿದ್ದು ಅಭ್ಯಾಸಕ್ಕೆ ಪುರುಸೊತ್ತಿಲ್ಲದವರು ಇದನ್ನು ಕೊಂಡು, ಮೋಡಕ್ಕೆ ನುಗ್ಗಿ ಪ್ರಾಣ ಕಳೆದುಕೊಂಡರಂತೆ. ಅದಕ್ಕೇ ಅಲ್ಲಿನ ಪೈಲಟ್‌ಗಳು ಇದನ್ನು 'ಕವಲುಬಾಲದ ಡಾಕ್ಟರ್‌ಮಾರಿ' ಎನ್ನುವ ಅರ್ಥದಲ್ಲಿ ಕರೆಯುತ್ತಾರೆ. ನಮ್ಮ ಕಡೆ ಬ್ರೋಕರು "ಡಾಕ್ಟರ್ ಓಡಿಸಿದ ಗಾಡಿ ಸ್ವಾಮಿ" ಅಂದರೆ ಐವತ್ತು ಸಾವಿರ ಜಾಸ್ತಿ ಕೇಳುತ್ತಾನೆ ಅಂತಲೇ ಲೆಕ್ಕ. "ಅಲ್ಲಿ ಹಾಗಂದರೆ ರೇಟು ಇಳಿಯುತ್ತೇನೋ ಅಣ್ಣಾ" ಅಂದೆ. ಡಾಕ್ಟ್ರಣ್ಣ ನಗಲಿಲ್ಲ. ಈ ಪಂಗಡದವರು ಬೇರೆಲ್ಲದಕ್ಕೂ ನಗುತ್ತಾರೆ, ತಾವು ಕೊಳ್ಳಹೊರಟ ವಸ್ತುವಿನ ವಿಷಯಕ್ಕೆ ಮಾತ್ರ ನಗುವುದಿಲ್ಲ.

ನನ್ನ ಕಷ್ಟವೇನೆಂದರೆ ಅವನ ಬೆಳಗಿನ ಕಾಫಿ ಹೊತ್ತು ನಮಗೆ ರಾತ್ರಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಆ ಹೊತ್ತಿಗೆ ಅಂಗಳದಲ್ಲಿ ಬಲ್ಬು ಹಾಕಿಕೊಂಡು ಹೆಂಗಸರು ಸುಲಿಯುತ್ತಿರುತ್ತಾರೆ, ಒಲೆಯ ಮೇಲೆ ಹಂಡೆ ಕುದಿಯುತ್ತಿರುತ್ತದೆ. ಅಂಥದೊಂದು ರಾತ್ರಿ ವಿಡಿಯೋ ಕಾಲ್ ಬಂತು. ಕೈಯೆಲ್ಲ ಚೊಗರು. ಫೋನನ್ನು ಬುಟ್ಟಿಗೆ ಒರಗಿಸಿ ಸ್ಪೀಕರ್ ಹಾಕಿದೆ.

ಪರದೆಯ ಮೇಲೆ ಕೆಂಪಗೆ, ದುಂಡಗೆ ಏನೋ ಕಂಡಿತು. ಯಾರದೋ ಕರುಳು ಅಂದುಕೊಂಡೆ. ಎಂಜಿನ್ನಿನ ಸಿಲಿಂಡರಂತೆ, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕ್ಯಾಮೆರಾ ಇಳಿಸಿ ತೆಗೆದದ್ದು. "ನಾನು ದಿನಾ ಮಾಡೋ ಎಂಡೋಸ್ಕೋಪಿನೇ ಕಣೋ!" ಎಂದು ಅವನಿಗೆ ಹಿಗ್ಗೋ ಹಿಗ್ಗು. ಆಮೇಲೆ ಜಾತಕ ಓದತೊಡಗಿದ. ಈ ಎಂಜಿನ್ನನ್ನು 1,700 ಗಂಟೆಗೊಮ್ಮೆ ಬಿಚ್ಚಿ ಕಟ್ಟಬೇಕೆಂದು ಕಂಪನಿಯ ಸಲಹೆ. ಇದು ಬಿಚ್ಚಿ ಕಟ್ಟಿದ ಮೇಲೆ ಓಡಿರುವುದು ಬರೀ 300 ಗಂಟೆ. ಹೊಸದರ ಹಾಗೇ ಇದೆ, ನಾಳೆಯೇ ಅಡ್ವಾನ್ಸ್.

ಸುಲಿಯುತ್ತಿದ್ದ ಅಜ್ಜಿ ಮೆಟ್ಟುಗತ್ತಿಯಿಂದ ತಲೆ ಎತ್ತಲೂ ಇಲ್ಲ. "ಎಷ್ಟೊರ್ಷದಿಂದ ನಿಂತ್ಕಂಡೈತೆ ಕೇಳ್ರಪ್ಪ" ಅಂದಳು.

ಟೆಕ್ಸಾಸ್‌ನಲ್ಲಿ ಮೌನ.

"ನಮ್ ಹುಡುಗ ಹಿಂಗೇ ಬರೀ ಶೆಡ್ಡಾಗಿದ್ದಿದ್ದು ಅಂತ ಗೂಡ್ಸ್ ಆಟೋ ತಂದ. ಓಡ್ಸಿದ್ ಗಾಡಿಗಿಂತ ನಿಲ್ಸಿದ್ ಗಾಡೀನೇ ಕೆಡೋದು."

ಮಾರನೇ ರಾತ್ರಿ ವರದಿ ಬಂತು. ಹನ್ನೆರಡು ವರ್ಷ ಹ್ಯಾಂಗರಿನಲ್ಲಿ ನಿಂತಿತ್ತು, ಚಿತ್ರದಲ್ಲಿ ಕೆಂಪಗೆ ಕಂಡದ್ದು ತುಕ್ಕು. ವ್ಯಾಪಾರ ಮುರಿಯಿತು. ಅಂದಿನಿಂದ ಡಾಕ್ಟ್ರಣ್ಣ ಫೋನ್ ಎತ್ತಿದ ಕೂಡಲೇ ನನ್ನ ಯೋಗಕ್ಷೇಮ ಕೇಳುವುದಿಲ್ಲ, "ಅಜ್ಜಿ ಬಂದಿದಾರಾ?" ಎನ್ನುತ್ತಾನೆ.

ಹೀಗೆ ಕೇಳಿ ಕೇಳಿ ನಾನೂ ಅರ್ಧ ಮೆಕ್ಯಾನಿಕ್ ಆಗಿದ್ದೇನೆ. ಲಾಗ್‌ಬುಕ್ಕಿನಲ್ಲಿ ಒಂದೇ ದಿನ ಪ್ರೊಪೆಲ್ಲರೂ ಬದಲಾಗಿ ಹೊಟ್ಟೆಯ ತಗಡೂ ಬದಲಾಗಿದ್ದರೆ, ಯಾವನೋ ಚಕ್ರ ಬಿಡುವುದನ್ನು ಮರೆತು ಇಳಿಸಿದ್ದಾನೆ ಎಂದರ್ಥ. ಹಾರುತ್ತಿರುವಾಗಲೇ ಕೆಲವು ಕವಲುಬಾಲದ ಬೊನಾಂಜಾಗಳು ಮುರಿದದ್ದರಿಂದ 1980ರ ದಶಕದಲ್ಲಿ ಬಾಲಕ್ಕೆ ಬಲ ಕೊಡಿಸಬೇಕೆಂದು ಆದೇಶ ಬಂತು. ಅದು ಆಗಿದೆಯೇ ನೋಡಬೇಕು. ಬಾಲದ ಆಡುವ ಭಾಗದ ತಗಡು ಮೆಗ್ನೀಸಿಯಂ. ಸವೆದರೆ ಬದಲಿ ಸಿಗುವುದು ಕಷ್ಟ. ಮೊನ್ನೆ ಟಿಲ್ಲರ್ ರಿಪೇರಿಯವನಿಗೆ "ಕಂಪ್ರೆಷನ್ ಎಷ್ಟು ಬರ್ತಿದೆ?" ಎಂದು ಕೇಳಿಬಿಟ್ಟೆ. ಅವನು ನನ್ನನ್ನೊಮ್ಮೆ ನೋಡಿ, ಸ್ಪಾನರ್ ಕೆಳಗಿಟ್ಟು, ಬೀಡಿ ಹಚ್ಚಿದ.

ಡಾಕ್ಟ್ರಣ್ಣನ ಉಳಿದ ಗುಣಗಳನ್ನು ಚುಟುಕಾಗಿ ಹೇಳುತ್ತೇನೆ. "ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇರೋ ಸಿರಸ್ ತಗೋ" ಎಂದರೆ, ಪ್ಯಾರಾಚೂಟಿಗೆ ಹತ್ತು ವರ್ಷಕ್ಕೊಮ್ಮೆ ಆಗುವ ಖರ್ಚು ಹೇಳಿ ಬಾಯಿ ಮುಚ್ಚಿಸುತ್ತಾನೆ. 1949ರಲ್ಲಿ ಬಿಲ್ ಓಡಮ್ ಎಂಬಾತ ಬೊನಾಂಜಾದಲ್ಲಿ ಹೊನಲುಲುವಿನಿಂದ ನ್ಯೂಜೆರ್ಸಿಗೆ ಎಲ್ಲೂ ಇಳಿಯದೆ 36 ಗಂಟೆ ಹಾರಿದ ಕತೆ ಹೇಳುತ್ತಾನೆ. "ಆಮೇಲೆ?" ಎಂದರೆ, "ಅದೇ ವರ್ಷ ರೇಸಿನಲ್ಲಿ ಬಿದ್ದು ಸತ್ತ, ಆದ್ರೆ ಅದು ಬೊನಾಂಜಾ ಅಲ್ಲ" ಎನ್ನುತ್ತಾನೆ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ನನಗಿಂತ ಮೊದಲು ಸುದ್ದಿ ಮುಟ್ಟಿದ್ದು ಅವನಿಗೆ. "3.2 ಕಿಲೋಮೀಟರ್ ರನ್‌ವೇ ಕಣೋ! ನನಗೆ ಅದರಲ್ಲಿ ಕಾಲು ಭಾಗ ಸಾಕು." ಅಷ್ಟಕ್ಕೇ ಬಿಡಲಿಲ್ಲ, ನಮ್ಮ ಖುಷ್ಕಿ ಎಷ್ಟು ಅಡಿ ಉದ್ದ ಎಂದ. ಒಂದು ತುದಿಗೆ ತೆಂಗಿನಮರ, ಇನ್ನೊಂದು ತುದಿಗೆ ಕರೆಂಟ್ ಲೈನು, ನಡುವೆ ರಾಗಿ ಎಂದೆ. "ರಾಗಿ ಕಟಾವು ಯಾವಾಗ?" ಎಂದ.

ಇದು ರಕ್ತದಲ್ಲೇ ಬಂದದ್ದು. ದೊಡ್ಡಪ್ಪ ಎತ್ತು ಕೊಳ್ಳಲು ದನದ ಜಾತ್ರೆಗೆ ಹೋಗುತ್ತಿದ್ದರು. ಹಲ್ಲು ಹಿಡಿದು, ಸುಳಿ ನೋಡಿ, ಬಾಲ ಎಳೆದು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಸಂಜೆವರೆಗೆ ವ್ಯಾಪಾರ. ಮನೆಗೆ ಬರುವಾಗ ಕೈಯಲ್ಲಿ ಹಗ್ಗವಿರುತ್ತಿರಲಿಲ್ಲ, ಮಂಡಕ್ಕಿ ಪೊಟ್ಟಣ ಇರುತ್ತಿತ್ತು. ಅಜ್ಜಂಪುರದ ಅಮೃತಮಹಲ್ ತಳಿಯ ಮುಂದೆ ಬೇರೆ ಯಾವುದೂ ಅವರ ಕಣ್ಣಿಗೆ ಎತ್ತಾಗಿ ಕಾಣುತ್ತಿರಲಿಲ್ಲ. ಮಗ ಸುಳಿ ಹುಡುಕುತ್ತಿರುವುದು ಲಾಗ್‌ಬುಕ್ಕಿನಲ್ಲಿ, ಅಷ್ಟೇ ವ್ಯತ್ಯಾಸ.

ಒಮ್ಮೆ ಅತ್ತಿಗೆಯ ಹತ್ತಿರ ದೂರಿದೆ. "ಹುಡುಕಲಿ ಬಿಡಪ್ಪ," ಎಂದರು, "ಹುಡುಕೋವರೆಗೆ ನೆಲದ ಮೇಲಿರ್ತಾರೆ."

ಅವರ ಲೆಕ್ಕ ಅವರಿಗೆ, ನನ್ನದು ನನಗೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರ ನಡುವೆ ಈಗ ಮಾತಿಗೆ ಉಳಿದಿರುವುದೇನು? ತೋಟದ ರೋಗ ಅವನಿಗೆ ತಿಳಿಯದು, ಅವನ ಆಸ್ಪತ್ರೆ ನನಗೆ ತಿಳಿಯದು. ಮಕ್ಕಳ ವಿಷಯ, ಬಿಪಿ ಮಾತ್ರೆ ವಿಷಯ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ವಿಮಾನ ಒಂದೇ ಗಂಟೆಗಟ್ಟಲೆ ಬರುತ್ತದೆ. ಮನುಷ್ಯರಿಗೆ ಹತ್ತಿರವಿರಲು ಒಂದು ನೆವ ಬೇಕು, ಅದು ಎಷ್ಟು ದುಬಾರಿಯೋ ಅಷ್ಟು ಬಾಳಿಕೆ ಎಂದು ಕಾಣುತ್ತದೆ. ಕೊಂಡ ಮರುದಿನದಿಂದ ಅವನು ಆಕಾಶದಲ್ಲಿರುತ್ತಾನೆ, ಫೋನು ಮಾಡಲು ಪುರುಸೊತ್ತೆಲ್ಲಿ?

ಹೋದ ವಾರ ತೋರಿಸಿದ ವಿಮಾನದಲ್ಲಿ ಯಾವ ಐಬೂ ಇರಲಿಲ್ಲ. ಎಂಜಿನ್ ಚೆನ್ನ, ಲಾಗ್‌ಬುಕ್ ಚೊಕ್ಕ, ತಿಂಗಳು ತಿಂಗಳು ಹಾರಿದ ಗಾಡಿ, ಅಜ್ಜಿಯೂ ತಲೆಯಾಡಿಸಿದಳು. ಡಾಕ್ಟ್ರಣ್ಣ ಚೆಕ್‌ಬುಕ್ ತೆಗೆಯಲು ಎದ್ದ.

"ಅಣ್ಣಾ," ಎಂದೆ, "ಬಾಲದ ಮೆಗ್ನೀಸಿಯಂ ಸರಿಯಾಗಿ ನೋಡ್ದ್ಯಾ?"

ಅವನು ಮತ್ತೆ ಕೂತ.